ವಾಲ್ದೆಯೋರಾಸ್ ಸೀಮೆಯ ದ್ರಾಕ್ಷಿ: ನಾಡತಳಿಗಳ ಅಳಿವು ಮತ್ತು ಪುನರುಜ್ಜೀವನ

ಇತಿಹಾಸದ ಆಕರಗಳೆಂದೊಡನೆ ಶಾಸನ, ನಾಣ್ಯ, ಕಡತ, ಪ್ರವಾಸಿಗಳ ಬರಹ ಇವುಗಳೇ ನಮ್ಮ ಸ್ಮರಣೆಗೆ ಬರುವುದು ಸಹಜ. ಆದರೆ ಮನುಷ್ಯನು ತನ್ನ ಕೈಯಾರೆ ಬೆಳೆಸಿ, ತನ್ನ ಮಕ್ಕಳ ಕೈಗೆ ದಾಟಿಸುತ್ತ ಬಂದ ಬೆಳೆಗಳೂ ಒಂದು ಬಗೆಯ ಆಕರಗಳೇ ಆಗಿವೆ. ಒಂದು ತಳಿಯನ್ನು ಯಾರು ಆಯ್ದುಕೊಂಡರು, ಎಷ್ಟು ಕಾಲ ಉಳಿಸಿಕೊಂಡರು, ಯಾವ ಒತ್ತಡಕ್ಕೆ ಸಿಕ್ಕಿ ಕೈಬಿಟ್ಟರು ಎಂಬುದನ್ನು ವಿಚಾರಿಸುತ್ತ ಹೋದರೆ ಆ ನಾಡಿನ ಆರ್ಥಿಕ ಮತ್ತು ಸಾಮಾಜಿಕ ಚರಿತ್ರೆಯ ಬಹುಭಾಗ ತಾನಾಗಿ ಹೊರಬೀಳುತ್ತದೆ. ಸ್ಪೇನ್ ದೇಶದ ವಾಯವ್ಯದಲ್ಲಿರುವ ವಾಲ್ದೆಯೋರಾಸ್ ಎಂಬ ಚಿಕ್ಕ ಸೀಮೆಯ ದ್ರಾಕ್ಷಿತೋಟಗಳು ಈ ಮಾತಿಗೆ ಒಳ್ಳೆಯ ನಿದರ್ಶನ. ಅಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೂಲೆಗುಂಪಾದ ನಾಡತಳಿಯೊಂದನ್ನು ೧೯೭೦ರ ದಶಕದಲ್ಲಿ ಹುಡುಕಿ ತೆಗೆದು ಮತ್ತೆ ನೆಲೆಗೊಳಿಸಿದರು. ಆ ತಳಿ ಅಳಿದದ್ದು ಹೇಗೆ, ಉಳಿದದ್ದು ಹೇಗೆ, ಹಾಗೂ ‘ನಾಡತಳಿ’ ಎಂಬ ಮಾತಿಗೆ ನಿಜವಾದ ಅರ್ಥವೇನು ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸಲಾಗಿದೆ. ಮದ್ಯಪಾನದ ಗುಣದೋಷಗಳ ಚರ್ಚೆ ಇಲ್ಲಿಯ ವಿಷಯವಲ್ಲ.

೧. ಸೀಮೆ ಮತ್ತು ಅದರ ಹೆಸರು

ವಾಲ್ದೆಯೋರಾಸ್ ಗಲೀಸಿಯ ಪ್ರಾಂತದ ಓರೆನ್ಸೆ ಜಿಲ್ಲೆಯ ಪೂರ್ವದ ಅಂಚಿನಲ್ಲಿದೆ. ಸಿಲ್ ನದಿಯು ಪೂರ್ವದ ಬಿಯೆರ್ಸೊ ಸೀಮೆಯಿಂದ ಹರಿದುಬಂದು ಈ ಕಣಿವೆಯನ್ನು ಪ್ರವೇಶಿಸುತ್ತದೆ. ಓ ಬಾರ್ಕೊ ಮತ್ತು ಆ ರೂವ ಇಲ್ಲಿಯ ಮುಖ್ಯ ಪಟ್ಟಣಗಳು. ಸುಮಾರು ೩೦೦ರಿಂದ ೭೦೦ ಮೀಟರುಗಳ ಎತ್ತರದಲ್ಲಿ, ಸ್ಲೇಟುಕಲ್ಲು, ಬೆಣಚುಕಲ್ಲು ಹಾಗೂ ನದಿಯ ಮೆಕ್ಕಲು ಬೆರೆತ ಇಳಿಜಾರು ನೆಲಗಳಲ್ಲಿ ದ್ರಾಕ್ಷಿಯನ್ನು ಬೆಳೆಯುತ್ತಾರೆ. ದ್ರಾಕ್ಷಿಯಷ್ಟೇ ಸ್ಲೇಟುಕಲ್ಲಿನ ಗಣಿಗಳಿಗೂ ಈ ಸೀಮೆ ಹೆಸರಾಗಿದೆ. ಎರಡು ಉದ್ಯೋಗಗಳೂ ಒಂದೇ ಜನರ ದುಡಿಮೆಗಾಗಿ ಸ್ಪರ್ಧಿಸಿದವೆಂಬುದನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

‘ವಾಲ್ದೆಯೋರಾಸ್’ ಎಂದರೆ ‘ಚಿನ್ನದ ಕಣಿವೆ’ ಎಂದು ಜನ ಅರ್ಥ ಹೇಳುವುದುಂಟು. ನೆರೆಯಲ್ಲೇ ಇರುವ ಲಾಸ್ ಮೆದುಲಾಸ್ ಎಂಬ ರೋಮನ್ ಕಾಲದ ವಿಸ್ತಾರವಾದ ಚಿನ್ನದ ಗಣಿಗಳು ಈ ನಂಬಿಕೆಗೆ ಬಲ ಕೊಟ್ಟಿವೆ. ಆದರೆ ಈ ಹೆಸರು ಗಿಗುರ್ರಿ ಎಂಬ ಪ್ರಾಚೀನ ಬುಡಕಟ್ಟಿನಿಂದ ಬಂದುದೆಂದೂ, ‘ಗಿಗುರ್ರಿಗಳ ಕಣಿವೆ’ ಎಂಬುದೇ ಅದರ ಮೂಲವೆಂದೂ ವಿದ್ವಾಂಸರು ಹೇಳುತ್ತಾರೆ. ಈ ಬುಡಕಟ್ಟಿನ ಹೆಸರು ರೋಮನ್ ಲೇಖಕ ಪ್ಲಿನಿಯಲ್ಲಿ ದೊರೆಯುತ್ತದೆ. ಇಂದಿನ ಪೋರ್ತುಗಲ್ಲಿನ ಬ್ರಾಗದಿಂದ ಸ್ಪೇನಿನ ಆಸ್ತೋರ್ಗಕ್ಕೆ ರೋಮನರು ನಿರ್ಮಿಸಿದ ಹೆದ್ದಾರಿಯೊಂದು ಈ ಕಣಿವೆಯ ಮೂಲಕವೇ ಹಾದುಹೋಗುತ್ತಿತ್ತು. ಒಂದು ಊರಿನ ಹೆಸರಿನಲ್ಲಿಯೂ ಜನರ ನೆನಪು ಒಂದನ್ನು ಹೇಳಿದರೆ ಆಕರಗಳು ಇನ್ನೊಂದನ್ನು ಹೇಳುತ್ತವೆ. ದ್ರಾಕ್ಷಿಯ ಹೆಸರುಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕಾಗುವುದು.

೨. ದ್ರಾಕ್ಷಿಯ ತಳಿ ಎಂದರೇನು?

ದ್ರಾಕ್ಷಿಯ ಬೀಜವನ್ನು ಬಿತ್ತಿದರೆ ತಾಯಿಬಳ್ಳಿಯಂಥದೇ ಬಳ್ಳಿ ಹುಟ್ಟುವುದಿಲ್ಲ. ಮಾವಿನ ಓಟೆಯನ್ನು ನೆಟ್ಟವರಿಗೆ ಈ ಅನುಭವ ಹೊಸದಲ್ಲ. ಆದುದರಿಂದ ಒಳ್ಳೆಯ ಬಳ್ಳಿಯೊಂದು ಕಂಡಾಗ ಬೆಳೆಗಾರನು ಅದರ ಕಡ್ಡಿಯನ್ನು ಕತ್ತರಿಸಿ ನೆಡುತ್ತಾನೆ. ಆ ಬಳ್ಳಿಯಿಂದ ಮತ್ತೊಂದು ಕಡ್ಡಿ, ಅದರಿಂದ ಇನ್ನೊಂದು. ಹೀಗೆ ಒಂದು ತಳಿಯೆಂದರೆ ಎಂದೋ ಹುಟ್ಟಿದ ಒಂದೇ ಒಂದು ಬಳ್ಳಿಯು ಸಾವಿರಾರು ಕೈಗಳ ಮೂಲಕ ಅನೇಕ ಶತಮಾನಗಳ ಕಾಲ ಬದುಕಿ ಬಂದದ್ದು ಎಂದೇ ತಿಳಿಯಬೇಕು. ನಡುವೆ ಅಲ್ಲಲ್ಲಿ ಸಣ್ಣ ಪುಟ್ಟ ವ್ಯತ್ಯಾಸಗಳು ತಲೆದೋರಿ ತಳಿಯೊಳಗೇ ಉಪಭೇದಗಳು ಹುಟ್ಟುವುದುಂಟು. ಮೂಲ ಮಾತ್ರ ಒಂದೇ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಒಂದು ತಳಿಯು ಉಳಿಯಬೇಕಾದರೆ ಪ್ರತಿಯೊಂದು ತಲೆಮಾರಿನಲ್ಲಿಯೂ ಯಾರಾದರೊಬ್ಬರು ಅದನ್ನು ನೆಡಲು ಮನಸ್ಸು ಮಾಡಿರಬೇಕು. ಎರಡನೆಯದಾಗಿ, ಕೊನೆಯ ಬಳ್ಳಿ ಒಣಗಿದ ಮೇಲೆ ಆ ತಳಿಯನ್ನು ಯಾವ ವಿದ್ಯೆಯಿಂದಲೂ ಮರಳಿ ಸೃಷ್ಟಿಸಲಾಗದು. ಪ್ರತಿ ಮಾಡಿಕೊಳ್ಳದ ಓಲೆಗರಿಯ ಗ್ರಂಥಕ್ಕೆ ಒದಗುವ ಗತಿಯೇ ಅದಕ್ಕೂ ಒದಗುತ್ತದೆ.

೩. ಅಳಿವಿನ ಕಾರಣಗಳು

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗಲೀಸಿಯದ ದ್ರಾಕ್ಷಿತೋಟಗಳ ಮೇಲೆ ವಿಪತ್ತುಗಳು ಒಂದರ ಹಿಂದೊಂದು ಎರಗಿದವು. ೧೮೫೦ರ ದಶಕದಲ್ಲಿ ಅಮೆರಿಕದಿಂದ ಬಂದ ಬೂದಿರೋಗವು ಫಸಲನ್ನು ಹಾಳುಮಾಡಿತು; ಗಂಧಕದ ಪುಡಿಯಿಂದ ಅದನ್ನು ಹತೋಟಿಗೆ ತರಬಹುದೆಂದು ಕಂಡುಕೊಳ್ಳುವಷ್ಟರಲ್ಲಿ ಎಷ್ಟೋ ತೋಟಗಳು ಪಾಳುಬಿದ್ದಿದ್ದವು. ಬಳಿಕ ಬಂದ ಮತ್ತೊಂದು ಶಿಲೀಂಧ್ರ ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವು ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಮದ್ದಾಗಿ ದೊರೆಯಿತು. ನಮ್ಮ ಮಲೆನಾಡಿನ ಅಡಕೆ ಬೆಳೆಗಾರರು ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಇದೇ.

ಎಲ್ಲಕ್ಕಿಂತ ಘೋರವಾದದ್ದು ಫಿಲಾಕ್ಸೆರಾ ಎಂಬ ಸಸ್ಯಹೇನಿನ ಹಾವಳಿ. ಉತ್ತರ ಅಮೆರಿಕ ಮೂಲದ ಈ ಸೂಕ್ಷ್ಮ ಕೀಟವು ಬಳ್ಳಿಯ ಬೇರನ್ನು ಸೇರಿ ರಸ ಹೀರುತ್ತದೆ. ಅಮೆರಿಕದ ಕಾಡುದ್ರಾಕ್ಷಿಗಳು ಅದರೊಂದಿಗೆ ಹೊಂದಿಕೊಂಡು ಬದುಕಬಲ್ಲವು. ಯೂರೋಪಿನ ದ್ರಾಕ್ಷಿಗೆ ಆ ಶಕ್ತಿಯಿಲ್ಲ. ೧೮೬೮ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಈ ಕೀಟವನ್ನು ಗುರುತಿಸಲಾಯಿತು. ೧೮೭೮ರಲ್ಲಿ ಅದು ಸ್ಪೇನಿನ ಮಾಲಗದಲ್ಲಿ ಕಾಣಿಸಿಕೊಂಡು, ೧೮೮೦ರ ದಶಕದಲ್ಲಿ ವಾಲ್ದೆಯೋರಾಸ್ ಕಣಿವೆಯನ್ನೂ ಮುಟ್ಟಿತು. ಪರಿಹಾರವೂ ಅಮೆರಿಕದಿಂದಲೇ ಬರಬೇಕಾಯಿತು. ಅಮೆರಿಕದ ಬಳ್ಳಿಯ ಬೇರುಸಸಿಗೆ ಯೂರೋಪಿನ ತಳಿಯ ಕಡ್ಡಿಯನ್ನು ಕಸಿಮಾಡಿದರೆ, ಬೇರು ಕೀಟವನ್ನು ತಡೆದುಕೊಳ್ಳುತ್ತದೆ. ಹಣ್ಣು ಮಾತ್ರ ಕಡ್ಡಿಯ ತಳಿಯದೇ ಆಗಿರುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ‘ಫಿಲಾಕ್ಸೆರಾದಿಂದ ನಾಡತಳಿಗಳು ನಾಶವಾದವು’ ಎಂದು ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರೆಯುವುದುಂಟು. ಈ ಮಾತು ಅರ್ಧಸತ್ಯ. ಕಸಿಯ ಉಪಾಯ ತಿಳಿದ ಮೇಲೆ ಹಳೆಯ ತಳಿಗಳನ್ನೇ ಹೊಸ ಬೇರಿಗೆ ಕಟ್ಟಲು ಯಾವ ಅಡ್ಡಿಯೂ ಇರಲಿಲ್ಲ. ಕೀಟವು ಬಳ್ಳಿಗಳನ್ನು ಕೊಂದಿತೆಂಬುದು ನಿಜ. ಆದರೆ ಸತ್ತ ಬಳ್ಳಿಯ ಜಾಗದಲ್ಲಿ ಯಾವ ತಳಿಯನ್ನು ನೆಡಬೇಕೆಂಬುದನ್ನು ನಿರ್ಧರಿಸಿದವನು ಮನುಷ್ಯ. ಆ ನಿರ್ಧಾರದ ಹಿಂದಿನ ಒತ್ತಡಗಳನ್ನು ಅರಿತಲ್ಲದೆ ಅಳಿವಿನ ಕಾರಣವನ್ನು ಅರಿತಂತಾಗದು.

ಗಲೀಸಿಯದ ರೈತನ ಹಿಡುವಳಿ ಬಹಳ ಚಿಕ್ಕದು. ಮಕ್ಕಳಿಗೆ ಪಾಲಾಗುತ್ತ ಆಗುತ್ತ ಭೂಮಿ ತುಂಡುತುಂಡಾಗಿತ್ತು. ಅದರ ಮೇಲೆ ‘ಫೋರೊ’ ಎಂಬ ವಂಶಪಾರಂಪರ್ಯ ಗೇಣಿಯ ಪದ್ಧತಿ ಬೇರೆ. ಮಠಗಳಿಗೂ ಒಡೆಯರಿಗೂ ಧಾನ್ಯ, ದ್ರಾಕ್ಷಾರಸ ಅಥವಾ ಹಣದ ರೂಪದಲ್ಲಿ ಗೇಣಿ ಸಲ್ಲಬೇಕಾಗಿತ್ತು. ಈ ಭಾರದಿಂದ ಬಿಡುಗಡೆ ಪಡೆಯಲು ಶಾಸನಬದ್ಧವಾದ ಮಾರ್ಗ ದೊರೆತದ್ದು ೧೯೨೬ರಲ್ಲಿ. ಹಲವು ವರ್ಷ ಫಸಲಿಲ್ಲದೆ ಸಾಲಕ್ಕೆ ಬಿದ್ದ ರೈತನಿಗೆ ಬೇಗ ಫಲ ಕೊಡುವ, ಹೆಚ್ಚು ತೂಗುವ ತಳಿ ಬೇಕಾಗಿತ್ತು. ಆಗಲೇ ೧೮೮೩ರಲ್ಲಿ ಪಾಲೆನ್ಸಿಯದಿಂದ ಆ ಕೊರುಞಕ್ಕೆ ಹೋಗುವ ರೈಲುಮಾರ್ಗವು ಈ ಕಣಿವೆಯ ಮೂಲಕ ಪೂರ್ಣಗೊಂಡಿತ್ತು. ಪೀಪಾಯಿಗಳಲ್ಲಿ ಸಗಟಾಗಿ ಸಾಗುವ ಸರಕಿಗೆ ಗುಣಕ್ಕಿಂತ ಪ್ರಮಾಣವೇ ಬೆಲೆಯನ್ನು ನಿಶ್ಚಯಿಸುವುದು ಸ್ವಾಭಾವಿಕ.

ಹೀಗೆ ಎರಡು ಹೊರತಳಿಗಳು ಕಣಿವೆಯನ್ನು ಆಕ್ರಮಿಸಿದವು. ಒಂದು, ದಕ್ಷಿಣ ಸ್ಪೇನಿನ ಆಂದಲೂಸಿಯದ ಪಾಲೊಮಿನೊ ಎಂಬ ಬಿಳಿಯ ದ್ರಾಕ್ಷಿ. ಗಲೀಸಿಯದಲ್ಲಿ ಇದಕ್ಕೆ ‘ಹೆರೆಸ್’ ಎಂದೇ ಹೆಸರು. ಆಂದಲೂಸಿಯದ ಸುಣ್ಣದ ಮಣ್ಣಿನಲ್ಲಿ ಪ್ರಸಿದ್ಧವಾದ ಷೆರಿ ಮದ್ಯಕ್ಕೆ ಆಧಾರವಾದ ಈ ತಳಿ ಸಿಲ್ ಕಣಿವೆಯಲ್ಲಿ ಹೇರಳವಾಗಿ ಫಲಿಸಿತಾದರೂ ಅದರ ರಸಕ್ಕೆ ಹುಳಿಯೂ ಕಡಿಮೆ, ಪರಿಮಳವೂ ಕಡಿಮೆ. ಇನ್ನೊಂದು ಗರ್ನಾಚ ತಿಂತೊರೇರ. ಹೆಸರೇನೋ ಸ್ಪೇನಿನದು, ಆದರೆ ಇದು ಫ್ರಾನ್ಸಿನ ಆನ್ರಿ ಬೂಷೆ ಎಂಬ ತಳಿತಜ್ಞನು ಹತ್ತೊಂಬತ್ತನೆಯ ಶತಮಾನದಲ್ಲಿ ಸಂಕರದಿಂದ ಪಡೆದ ಆಲಿಕಾಂತ್ ಬೂಷೆ ಎಂಬ ತಳಿಯೇ ಆಗಿದೆ. ಬಹುಪಾಲು ಕೆಂಪು ದ್ರಾಕ್ಷಿಗಳಲ್ಲಿ ಬಣ್ಣವಿರುವುದು ಸಿಪ್ಪೆಯಲ್ಲಿ ಮಾತ್ರ. ಇದರ ತಿರುಳೂ ಕೆಂಪು. ತೆಳುಬಣ್ಣದ ಮದ್ಯಕ್ಕೆ ಬಣ್ಣ ಕಟ್ಟಲು ವರ್ತಕರಿಗೆ ಇದು ಬಲು ಅನುಕೂಲವಾಯಿತು.

ಗೊದೆಲ್ಯೊ ಎಂಬ ಬಿಳಿಯ ತಳಿಯೂ ಮೆರೆನ್ಸಾವೊ, ಬ್ರಾನ್ಸೆಲ್ಯಾವೊ, ಸೋಸೋನ್ ಮೊದಲಾದ ಕೆಂಪು ತಳಿಗಳೂ ಹಳೆಯ ತೋಟಗಳ ಸಾಲುಗಳ ನಡುವೆ ಅಲ್ಲೊಂದು ಇಲ್ಲೊಂದು ಬಳ್ಳಿಯಾಗಿ ಉಳಿದವು. ಇಪ್ಪತ್ತನೆಯ ಶತಮಾನದಲ್ಲಿ ಜನರೂ ಊರು ಬಿಡತೊಡಗಿದರು: ಮೊದಲು ಕ್ಯೂಬ ಮತ್ತು ಅರ್ಜೆಂಟೀನಕ್ಕೆ, ೧೯೬೦ರ ದಶಕದಲ್ಲಿ ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿಗೆ. ಅರ್ಜೆಂಟೀನದ ಆಡುಮಾತಿನಲ್ಲಿ ಸ್ಪೇನಿನಿಂದ ಬಂದ ಯಾರನ್ನೇ ಆಗಲಿ ‘ಗಲೀಸಿಯದವ’ ಎಂದು ಕರೆಯುವ ರೂಢಿಯಿಂದಲೇ ಈ ವಲಸೆಯ ಪ್ರಮಾಣವನ್ನು ಊಹಿಸಬಹುದು. ಊರಲ್ಲಿ ಉಳಿದವರನ್ನು ಅಣೆಕಟ್ಟಿನ ಕಾಮಗಾರಿಗಳೂ ಸ್ಲೇಟುಕಲ್ಲಿನ ಗಣಿಗಳೂ ಕೂಲಿಗೆ ಸೆಳೆದವು. ಎತ್ತರದ ಮೆಟ್ಟಿಲುತೋಟಗಳಿಗೆ ಪೊದೆ ಹಬ್ಬಿತು. ೧೯೪೫ರಲ್ಲಿಯೇ ವಾಲ್ದೆಯೋರಾಸಿಗೆ ಮೂಲಸ್ಥಾನದ ಹೆಸರಿನ ಕಾನೂನುಮನ್ನಣೆ ದೊರೆತಿತ್ತು. ಆದರೆ ಆ ಹೆಸರಿನಲ್ಲಿ ಹೊರಹೋಗುತ್ತಿದ್ದುದರ ಬಹುಭಾಗ ಹೊರತಳಿಗಳ ರಸವೇ. ಹೆಸರು ಉಳಿದು ವಸ್ತು ಬದಲಾದ ಸ್ಥಿತಿ ಅದು.

೪. ರೆವಿವಾಲ್ ಯೋಜನೆ

೧೯೭೪ರಲ್ಲಿ ‘ವಾಲ್ದೆಯೋರಾಸ್ ದ್ರಾಕ್ಷಿತೋಟಗಳ ಪುನಾರಚನೆ’ ಎಂಬ ಯೋಜನೆ ಆರಂಭವಾಯಿತು. ಅದರ ಸ್ಪಾನಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ರೆವಿವಾಲ್’ ಎಂದು ಕರೆದರು. ಕೃಷಿ ವಿಸ್ತರಣಾ ಸೇವೆಯಲ್ಲಿದ್ದ ಒರಾಸಿಯೊ ಫೆರ್ನಾಂದೆಸ್ ಪ್ರೇಸ ಅವರು ಇದರ ಮುಂದಾಳು. ದ್ರಾಕ್ಷಿಕೃಷಿಯ ತಜ್ಞ ಲೂಯಿಸ್ ಇದಾಲ್ಗೊ ಅವರ ಸಹಕಾರವೂ ಇದಕ್ಕೆ ದೊರೆಯಿತು.

ಅವರು ಮಾಡಿದ ಕೆಲಸದ ಕ್ರಮ ಹೀಗಿತ್ತು. ಮೊದಲು ಹಳೆಯ ತೋಟಗಳಲ್ಲಿ ಅಲೆದು, ಮಿಶ್ರ ಸಾಲುಗಳ ನಡುವೆ ಉಳಿದಿದ್ದ ಗೊದೆಲ್ಯೊ ಬಳ್ಳಿಗಳನ್ನು ಗುರುತಿಸುವುದು. ಎಲೆಯ ಆಕಾರ, ಗೊಂಚಲಿನ ಗಾತ್ರ, ಕಾಯಿ ಮಾಗುವ ಕಾಲ ಇವುಗಳಿಂದ ಒಂದು ತಳಿಯನ್ನು ಮತ್ತೊಂದರಿಂದ ಬೇರ್ಪಡಿಸುವುದು. ರೋಗವಿಲ್ಲದ ಬಳ್ಳಿಗಳಿಂದ ಕಡ್ಡಿ ಪಡೆದು ಬೇರುಸಸಿಗೆ ಕಸಿಮಾಡಿ ಸಂಖ್ಯೆಯನ್ನು ಹೆಚ್ಚಿಸುವುದು. ಪ್ರಾಯೋಗಿಕ ತಾಕುಗಳಲ್ಲಿ ಬೆಳೆದು, ಆ ಒಂದೇ ತಳಿಯ ರಸವನ್ನು ಪ್ರತ್ಯೇಕವಾಗಿ ಹುದುಗಿಸಿ ಗುಣವನ್ನು ಪರೀಕ್ಷಿಸುವುದು. ಕೊನೆಗೆ, ಹೆಚ್ಚು ತೂಗುವ ಪಾಲೊಮಿನೊ ಬಳ್ಳಿಯನ್ನು ಕಿತ್ತು ಕಡಿಮೆ ತೂಗುವ ಗೊದೆಲ್ಯೊವನ್ನು ನೆಡುವಂತೆ ರೈತನ ಮನವೊಲಿಸುವುದು. ಇವುಗಳಲ್ಲಿ ಕೊನೆಯದೇ ಕಷ್ಟದ ಕೆಲಸವೆಂಬುದನ್ನು ವಿವರಿಸಬೇಕಾಗಿಲ್ಲ. ಹೊಸ ಬಳ್ಳಿ ಹುಟ್ಟುವಳಿ ಕೊಡಲು ಮೂರು ನಾಲ್ಕು ವರ್ಷ ಕಾಯಬೇಕು; ಅಲ್ಲಿಯವರೆಗೆ ಆದಾಯವಿಲ್ಲ. ತೂಕಕ್ಕೆ ಹಣ ಕೊಡುವ ಮಾರುಕಟ್ಟೆಯಲ್ಲಿ ಗುಣಕ್ಕೆ ಬೆಲೆ ಬರುವುದೆಂದು ಅವನು ಯಾವ ಭರವಸೆಯ ಮೇಲೆ ನಂಬಬೇಕು?

ಆ ಭರವಸೆ ಮೂಡಲು ಹೊರಗಿನ ಸಂದರ್ಭವೂ ನೆರವಾಯಿತು. ೧೯೭೫ರಲ್ಲಿ ಜನರಲ್ ಫ್ರಾಂಕೊ ತೀರಿಕೊಂಡ ಮೇಲೆ ಸ್ಪೇನಿನಲ್ಲಿ ಪ್ರಜಾಪ್ರಭುತ್ವ ನೆಲೆಗೊಂಡಿತು. ೧೯೮೧ರಲ್ಲಿ ಗಲೀಸಿಯ ತನ್ನ ಸ್ವಾಯತ್ತ ಆಡಳಿತವನ್ನು ಪಡೆಯಿತು. ೧೯೮೬ರ ಜನವರಿ ೧ರಂದು ದೇಶವು ಯೂರೋಪಿನ ಆರ್ಥಿಕ ಸಮುದಾಯವನ್ನು ಸೇರಿತು. ದೀರ್ಘಕಾಲ ಮೂಲೆಗೊತ್ತಲ್ಪಟ್ಟಿದ್ದ ಗಲೀಸಿಯನ್ ಭಾಷೆಗೆ ಶಾಲೆ ಕಚೇರಿಗಳಲ್ಲಿ ಸ್ಥಾನ ದೊರೆತ ದಶಕವೂ, ಅಲ್ಲಿಯ ನಾಡತಳಿಗಳಿಗೆ ಮರ್ಯಾದೆ ದೊರೆತ ದಶಕವೂ ಒಂದೇ. ೧೯೮೦ರ ದಶಕದಲ್ಲಿ ಗೊದೆಲ್ಯೊ ಒಂದನ್ನೇ ಬಳಸುವ ಉತ್ಪಾದಕರು ತಲೆಯೆತ್ತಿದರು. ಅವರಲ್ಲಿ ಗೊದೆವಾಲ್ ಎಂಬ ಸಂಸ್ಥೆಯು ಶಾಗೊವಾಸ ಎಂಬಲ್ಲಿಯ ಪಾಳುಬಿದ್ದ ಹಳೆಯ ಮಠವನ್ನು ಜೀರ್ಣೋದ್ಧಾರ ಮಾಡಿ ತನ್ನ ನೆಲೆಯನ್ನಾಗಿ ಮಾಡಿಕೊಂಡಿತು. ೨೦೦೪ರಲ್ಲಿ ರಫಾಯೆಲ್ ಪಾಲಾಸಿಯೋಸ್ ಎಂಬ ತಯಾರಕರು ರಿಯೋಹ ಸೀಮೆಯಿಂದ ಇಲ್ಲಿಗೆ ಬಂದು ಬಿಬೇಯ್ ಕಣಿವೆಯ ಎತ್ತರದ ತಾಕುಗಳಲ್ಲಿ ಕೆಲಸ ಆರಂಭಿಸಿದರು. ಅವರ ಪ್ರಸಿದ್ಧ ಮದ್ಯದ ಹೆಸರು ‘ಆಸ್ ಸೋರ್ತೆಸ್’. ‘ಸೋರ್ತೆ’ ಎಂದರೆ ಚೀಟಿ ಎತ್ತಿ ಹಂಚಿಕೊಂಡ ಭೂಮಿಯ ಪಾಲು. ಹಿಂದೆ ಬಡತನದ ಗುರುತಾಗಿದ್ದ ತುಂಡುಭೂಮಿ ಇಂದು ಬೆಲೆಯುಳ್ಳ ಹೆಸರಾದುದು ಇತಿಹಾಸದ ವಿನೋದಗಳಲ್ಲೊಂದು.

ವಾಲ್ದೆಯೋರಾಸ್ ಒಂದರಲ್ಲೇ ಇಂಥ ಪ್ರಯತ್ನ ನಡೆಯಿತೆಂದಲ್ಲ. ಗಲೀಸಿಯದ ಕಡಲತೀರದಲ್ಲಿ ಆಲ್ಬರಿಞೊ ತಳಿಯನ್ನು ಆಧರಿಸಿದ ರಿಯಾಸ್ ಬೈಶಾಸ್ ಸೀಮೆಗೆ ೧೯೮೮ರಲ್ಲಿಯೂ, ಸಿಲ್ ಮತ್ತು ಮಿಞೊ ನದಿಗಳ ಕಡಿದಾದ ದಂಡೆಗಳ ರಿಬೇಯ್ರ ಸಾಕ್ರಕ್ಕೆ ೧೯೯೬ರಲ್ಲಿಯೂ ಕಾನೂನುಮನ್ನಣೆ ದೊರೆಯಿತು. ಕತಲೋನಿಯದಲ್ಲಿ ತೋರೆಸ್ ಮನೆತನದ ಸಂಸ್ಥೆಯು ೧೯೮೦ರ ದಶಕದಿಂದ ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು, ‘ಹೆಸರು ತಿಳಿಯದ ಬಳ್ಳಿಗಳು ನಿಮ್ಮ ತೋಟದಲ್ಲಿದ್ದರೆ ತಿಳಿಸಿ’ ಎಂದು ರೈತರನ್ನು ಕೇಳಿಕೊಂಡಿತು. ಆ ಮಾರ್ಗದಿಂದ ಗರ್ರೊ, ಫೊರ್ಕಾದ ಮುಂತಾದ ಮರೆತುಹೋದ ತಳಿಗಳು ಬೆಳಕಿಗೆ ಬಂದವು. ನಮ್ಮಲ್ಲಿ ಹಸ್ತಪ್ರತಿಗಳನ್ನು ಮನೆಮನೆಗೆ ಹೋಗಿ ಸಂಗ್ರಹಿಸಿದ ವಿದ್ವಾಂಸರ ಕಾರ್ಯವನ್ನು ಬಲ್ಲವರಿಗೆ ಈ ವಿಧಾನದ ಬೆಲೆ ಸುಲಭವಾಗಿ ಮನದಟ್ಟಾಗುವುದು.

೫. ‘ನಾಡತಳಿ’ ಎಂದರೆ ಯಾವುದು?

ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ವಂಶವಾಹಿಗಳ ಪರೀಕ್ಷೆಯಿಂದ ದ್ರಾಕ್ಷಿಯ ತಂದೆತಾಯಿಗಳನ್ನು ನಿರ್ಣಯಿಸುವುದು ಸಾಧ್ಯವಾಯಿತು. ಅದುವರೆಗೆ ಪ್ರಚಾರದಲ್ಲಿದ್ದ ಎಷ್ಟೋ ಐತಿಹ್ಯಗಳನ್ನು ಈ ಪರೀಕ್ಷೆ ಅಲ್ಲಗಳೆಯಿತು. ಸಾಂತಿಯಾಗೊ ಯಾತ್ರೆಗೆ ಬಂದ ಫ್ರಾನ್ಸಿನ ಯಾತ್ರಿಕರು ಮೆನ್ಸಿಯ ಎಂಬ ಕೆಂಪು ದ್ರಾಕ್ಷಿಯನ್ನು ತಂದರೆಂದೂ, ಅದು ಕಾಬೆರ್ನೆ ಫ್ರಾಂ ತಳಿಯೇ ಎಂದೂ ನಂಬಿದ್ದರು. ಅವೆರಡೂ ಬೇರೆಬೇರೆ ಎಂದು ಸಿದ್ಧವಾಯಿತು. ಮೆನ್ಸಿಯವು ಪೋರ್ತುಗಲ್ಲಿನಲ್ಲಿ ಜಾಯೆನ್ ಎಂಬ ಹೆಸರಿನಿಂದ ಬೆಳೆಯುವ ತಳಿಯೇ ಆಗಿದೆ. ಆಲ್ಬರಿಞೊವನ್ನು ಸನ್ಯಾಸಿಗಳು ಜರ್ಮನಿಯಿಂದ ತಂದರೆಂಬ ಕಥೆಗೂ ಆಧಾರ ದೊರೆಯಲಿಲ್ಲ.

ಆದರೆ ಇದೇ ಪರೀಕ್ಷೆಯು ನಾಡಪ್ರೇಮಿಗಳಿಗೆ ಅಷ್ಟೇನೂ ಹಿತವಲ್ಲದ ಸಂಗತಿಗಳನ್ನೂ ಹೊರಗೆಡಹಿತು. ಗಲೀಸಿಯದ ಪುರಾತನ ತಳಿಯೆಂದು ಎಣಿಸಿದ್ದ ಮೆರೆನ್ಸಾವೊ, ಫ್ರಾನ್ಸಿನ ಜೂರಾ ಸೀಮೆಯವರು ತಮ್ಮದೆಂದು ಹೇಳುವ ತ್ರೂಸೋ ತಳಿಯೇ ಹೊರತು ಬೇರೆಯಲ್ಲ. ಪುನರುಜ್ಜೀವನದ ನಾಯಕಸ್ಥಾನದಲ್ಲಿರುವ ಗೊದೆಲ್ಯೊ ಪೋರ್ತುಗಲ್ಲಿನಲ್ಲಿ ಗೋವೆಯೊ ಎಂಬ ಹೆಸರಿನಿಂದ ಬೆಳೆಯುತ್ತದೆ. ಅದರ ತಂದೆತಾಯಿಗಳಲ್ಲಿ ಒಂದು ಐಬೀರಿಯದ ಕಾಸ್ತೆಲ್ಯಾನ ಬ್ಲಾಂಕ; ಇನ್ನೊಂದು ಫ್ರಾನ್ಸಿನ ಈಶಾನ್ಯ ಭಾಗದಲ್ಲಿಯೂ ಜರ್ಮನ್ ಸೀಮೆಗಳಲ್ಲಿಯೂ ಬಹುಕಾಲದಿಂದ ಹಬ್ಬಿರುವ ಸಾವಾನ್ಯಾಂ. ಅಂದರೆ ನಾಡತಳಿಯ ವಂಶವೃಕ್ಷದಲ್ಲಿಯೂ ಹೊರಗಿನಿಂದ ಬಂದ ಅತಿಥಿಯೊಬ್ಬನಿದ್ದಾನೆ.

ಹಾಗಾದರೆ ‘ನಾಡತಳಿ’ ಎಂಬುದು ಬರಿಯ ಭ್ರಮೆಯೆ? ಹಾಗೆನ್ನಲಾಗದು. ನಾಡಿನದೆನ್ನಿಸಿಕೊಳ್ಳಲು ಶುದ್ಧವಾದ ಹುಟ್ಟು ಬೇಕೆಂದು ಹಠ ಹಿಡಿದರೆ ಪ್ರಪಂಚದ ಯಾವ ಬೆಳೆಯೂ, ಯಾವ ಭಾಷೆಯೂ ಆ ಪರೀಕ್ಷೆಯಲ್ಲಿ ಗೆಲ್ಲಲಾರದು. ಒಂದು ನೆಲದಲ್ಲಿ ದೀರ್ಘಕಾಲ ಬಾಳಿ, ಅಲ್ಲಿಯ ಮಳೆ ಬಿಸಿಲುಗಳಿಗೆ ಒಗ್ಗಿ, ಅಲ್ಲಿಯ ಜನರ ಕೈಕಸುಬಿನೊಡನೆ ಬೆಸೆದುಕೊಂಡದ್ದೇ ನಾಡಿನದು ಎಂಬ ಅರ್ಥವೇ ಚರಿತ್ರೆಗೆ ಒಪ್ಪುವಂಥದು. ನಮ್ಮಲ್ಲಿಯೂ ಇದಕ್ಕೆ ಉದಾಹರಣೆಯುಂಟು. ೨೦೧೩ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ‘ಬೆಂಗಳೂರು ಬ್ಲೂ’ ದ್ರಾಕ್ಷಿಯ ರಕ್ತದಲ್ಲಿ ಅಮೆರಿಕದ ಲಬ್ರಸ್ಕ ಜಾತಿಯ ಅಂಶವಿದೆ. ವಿಜಯಪುರದ ತೋಟಗಳಲ್ಲಿ ಒಣದ್ರಾಕ್ಷಿಯ ತಳಿಗಳನ್ನು ಕಟ್ಟುವ ‘ಡಾಗ್‌ರಿಡ್ಜ್’ ಬೇರುಸಸಿಯೂ ಅಮೆರಿಕ ಮೂಲದ್ದೇ. ಆದರೂ ಅವು ಈ ನೆಲದ ಬೆಳೆಗಳಾಗಿ ಹೋಗಿವೆ.

ಈ ನ್ಯಾಯವನ್ನು ಕೊನೆಯವರೆಗೂ ಒಪ್ಪುವುದಾದರೆ ಒಂದು ಇಕ್ಕಟ್ಟು ಎದುರಾಗುತ್ತದೆ. ಒಂದು ಶತಮಾನಕ್ಕೂ ಮಿಗಿಲಾಗಿ ಗಲೀಸಿಯದಲ್ಲಿ ಬಾಳಿದ ಗರ್ನಾಚ ತಿಂತೊರೇರ ಏಕೆ ನಾಡತಳಿಯಲ್ಲ? ವಾಸ್ತವವಾಗಿ ಇತ್ತೀಚಿನ ವರ್ಷಗಳಲ್ಲಿ ಕೆಲವು ಬೆಳೆಗಾರರು ಅದರ ಹಳೆಯ ಬಳ್ಳಿಗಳನ್ನೂ ಗೌರವದಿಂದ ಕಾಣತೊಡಗಿದ್ದಾರೆ. ದೇಶೀಯ, ಪರಕೀಯ ಎಂಬ ಗೆರೆಯು ಒಮ್ಮೆ ಎಳೆದು ಮುಗಿಸುವಂಥದಲ್ಲ. ಪ್ರತಿಯೊಂದು ತಲೆಮಾರೂ ಅದನ್ನು ತನ್ನ ಅಗತ್ಯಕ್ಕೆ ತಕ್ಕಂತೆ ಎಳೆಯುತ್ತದೆ.

೬. ಲಾಭನಷ್ಟಗಳ ವಿಚಾರ

ಪುನರುಜ್ಜೀವನದಿಂದ ಆದ ಲಾಭ ಕಣ್ಣಿಗೆ ಕಾಣುವಂಥದು. ಗೊದೆಲ್ಯೊ ಇಂದು ವಾಲ್ದೆಯೋರಾಸಿನ ಮುಖ್ಯ ತಳಿಯಾಗಿದೆ. ಸ್ಪೇನಿನ ಇತರ ಸೀಮೆಗಳಲ್ಲಿಯೂ ಅದನ್ನು ನೆಡುತ್ತಿದ್ದಾರೆ. ಆದರೆ ಅಪಾಯವೂ ಇಲ್ಲಿಯೇ ಅಡಗಿದೆ. ಬೇಡಿಕೆ ಹೆಚ್ಚಿದಂತೆ ಸಸಿಮಡಿಗಳು ಆಯ್ದ ಒಂದೆರಡು ಉಪಭೇದಗಳ ಕಡ್ಡಿಯನ್ನೇ ಎಲ್ಲ ಕಡೆಗೂ ಒದಗಿಸುತ್ತವೆ. ಹಳೆಯ ತೋಟಗಳಲ್ಲಿ ಹತ್ತಾರು ತಳಿಗಳೂ, ಒಂದೊಂದು ತಳಿಯೊಳಗೆ ಹಲವು ಉಪಭೇದಗಳೂ ಇದ್ದವು. ಹೊಸ ತೋಟಗಳಲ್ಲಿ ಸಾಲು ಸಾಲಾಗಿ ಒಂದೇ ಬಳ್ಳಿಯ ಪ್ರತಿಗಳು ನಿಲ್ಲುತ್ತವೆ. ಪಾಲೊಮಿನೊವಿನ ಏಕಾಧಿಪತ್ಯವನ್ನು ಕಿತ್ತು ಗೊದೆಲ್ಯೊವಿನ ಏಕಾಧಿಪತ್ಯವನ್ನು ನೆಟ್ಟರೆ ಉಳಿದಂತಾದದ್ದು ಒಂದು ತಳಿಯೇ ಹೊರತು, ಆ ತಳಿಯನ್ನು ಹುಟ್ಟಿಸಿ ಸಾಕಿದ ವೈವಿಧ್ಯವಲ್ಲ. ೧೯೨೧ರಲ್ಲಿ ಸ್ಥಾಪಿತವಾಗಿ ಈಗ ಪೊಂತೆವೆದ್ರದ ಬಳಿ ಇರುವ ಗಲೀಸಿಯದ ಜೀವಶಾಸ್ತ್ರ ಸಂಶೋಧನಾಲಯದಂಥ ಸಂಸ್ಥೆಗಳು ಹಳೆಯ ತಳಿಗಳನ್ನು ಸಂಗ್ರಹತೋಟಗಳಲ್ಲಿ ಕಾಪಾಡುತ್ತಿರುವುದು ಈ ಕಾರಣದಿಂದ ಬಹುಮುಖ್ಯವಾದ ಕೆಲಸ.

ಇನ್ನೊಂದು ಅಪಾಯವು ೨೦೨೫ರ ಆಗಸ್ಟಿನಲ್ಲಿ ಪ್ರತ್ಯಕ್ಷವಾಯಿತು. ಓರೆನ್ಸೆ ಜಿಲ್ಲೆಯಲ್ಲಿ ಹಬ್ಬಿದ ಭಾರಿ ಕಾಡುಬೆಂಕಿಗಳು ವಾಲ್ದೆಯೋರಾಸನ್ನೂ ಸುಟ್ಟವು. ಹಳ್ಳಿಗಳಿಗೂ ಹಳೆಯ ದ್ರಾಕ್ಷಿತೋಟಗಳಿಗೂ ಹಾನಿಯಾಯಿತು. ಉತ್ತು ಹಸನು ಮಾಡಿದ ತೋಟವು ಬೆಂಕಿಯ ದಾರಿಗೆ ಅಡ್ಡ ನಿಲ್ಲುತ್ತದೆ. ಜನ ಬಿಟ್ಟುಹೋದ ತೋಟದ ಒಣಪೊದೆಯು ಅದಕ್ಕೆ ಸೌದೆಯಾಗುತ್ತದೆ. ಬಳ್ಳಿಯನ್ನು ಉಳಿಸಲು ವಿಜ್ಞಾನದಷ್ಟೇ ಊರಿನಲ್ಲಿ ಬಾಳುವ ಮನುಷ್ಯರೂ ಬೇಕೆಂಬ ಪಾಠವನ್ನು ಆ ಬೇಸಗೆ ಕಠಿಣವಾಗಿಯೇ ಕಲಿಸಿತು.

ಒಟ್ಟಿನಲ್ಲಿ ಹೇಳುವುದಾದರೆ, ವಾಲ್ದೆಯೋರಾಸಿನಲ್ಲಿ ನಡೆದದ್ದು ಹಿಂದಿನ ಕಾಲಕ್ಕೆ ಮರಳುವಿಕೆಯಲ್ಲ. ಅಮೆರಿಕದ ಬೇರು, ಪ್ರಯೋಗಶಾಲೆಯ ಪರೀಕ್ಷೆ, ದೂರದ ಮಾರುಕಟ್ಟೆ ಇವುಗಳ ಆಧಾರದ ಮೇಲೆ ಹಳೆಯದನ್ನು ಹೊಸದಾಗಿ ಕಟ್ಟಿದ ಕಾರ್ಯ ಅದು. ಅದು ಸಾಧ್ಯವಾದದ್ದಕ್ಕೆ ಕಾರಣರು ಇಬ್ಬರು: ಹುಡುಕಿಹೋದ ವಿದ್ಯಾವಂತರು ಮತ್ತು, ಅದಕ್ಕೂ ಮೊದಲು, ಲಾಭವಿಲ್ಲದಿದ್ದರೂ ಹಿರಿಯರು ನೆಟ್ಟ ಬಳ್ಳಿಯನ್ನು ಕೀಳದೆ ಸಾಲಿನ ಕೊನೆಯಲ್ಲಿ ಉಳಿಸಿಕೊಂಡಿದ್ದ ರೈತರು. ಮೊದಲನೆಯವರ ಹೆಸರುಗಳು ದಾಖಲೆಗಳಲ್ಲಿ ಇವೆ. ಎರಡನೆಯವರ ಹೆಸರುಗಳು ಎಲ್ಲಿಯೂ ಇಲ್ಲ. ಅವರ ದಾಖಲೆ ಆ ಬಳ್ಳಿಯೇ. ನಮ್ಮ ಜಿಲ್ಲೆಗಳ ಬತ್ತ, ಬಾಳೆ, ಮಾವುಗಳ ಹಳೆಯ ತಳಿಗಳ ಚರಿತ್ರೆಯನ್ನು ಬರೆಯಲು ಹೊರಡುವ ವಿದ್ಯಾರ್ಥಿಯು ಕಡತಗಳ ಕೋಣೆಗೆ ಹೋಗುವಷ್ಟೇ ಶ್ರದ್ಧೆಯಿಂದ ಹಿತ್ತಿಲುಗಳಿಗೂ ಹೋಗಬೇಕಾದುದು ಅಗತ್ಯ.